ಜೀರಿಗೆ ಮೆಣಸನ್ನು ಹುಡುಕುವುದು, ಬೆಳೆಸುವುದು



ನಮ್ಮೂರಿನಲ್ಲಿ ಅಪ್ಪೆಹುಳಿ ಉಣ್ಣದವರು ಯಾರೂ ಇಲ್ಲ. ಅಪ್ಪೆಮಿಡಿಯನ್ನು ಬೇಯಿಸಿ, ಕಿವುಚಿ, ನೀರು ಉಪ್ಪು ಬೆರೆಸಿ, ಮೇಲಿಂದ ಒಗ್ಗರಣೆ ಕೊಡುತ್ತಾರೆ. ಆ ಒಗ್ಗರಣೆಗೆ ಬೀಳುವ ಮೂರು ನಾಲ್ಕು ಪುಟಾಣಿ ಮೆಣಸು ಇದೆಯಲ್ಲ, ಈ ಲೇಖನ ಅದರ ಬಗ್ಗೆ. ಕೆಲವರ ಮನೆಯಲ್ಲಿ ಅದಕ್ಕೆ ಜೀರಿಗೆ ಮೆಣಸು ಅನ್ನುತ್ತಾರೆ, ಕೆಲವರ ಮನೆಯಲ್ಲಿ ಸೂಜಿ ಮೆಣಸು. ಮಂಗಳೂರು ಕಡೆಯವರು ಗಾಂಧಾರಿ ಮೆಣಸು ಅನ್ನುತ್ತಾರಂತೆ. ಕೇರಳದಲ್ಲಿ ಕಾಂತಾರಿ. ಉದ್ದ ಒಂದು ಅಥವಾ ಎರಡು ಸೆಂಟಿಮೀಟರ್, ಅಷ್ಟೇ. ಕಾಯಿ ಕೆಳಗೆ ಜೋತು ಬೀಳುವುದಿಲ್ಲ, ಆಕಾಶ ನೋಡಿಕೊಂಡು ನೆಟ್ಟಗೆ ನಿಲ್ಲುತ್ತದೆ. (ಪಕ್ಕದ ಚಿತ್ರ ನೋಡಿ. ಬಣ್ಣ ಸ್ವಲ್ಪ ಜಾಸ್ತಿ ಕೆಂಪಾಗಿದೆ.)

ಹೋದ ವರ್ಷದವರೆಗೆ ನಮಗೆ ಈ ಮೆಣಸಿನ ಚಿಂತೆಯೇ ಇರಲಿಲ್ಲ. ಬಚ್ಚಲಿನ ಹಿಂದೆ, ನೀರು ಹರಿದು ಹೋಗುವಲ್ಲಿ ಒಂದು ಗಿಡ ಇತ್ತು. ಯಾರೂ ನೆಟ್ಟಿದ್ದಲ್ಲ. ಬಚ್ಚಲಿನ ಗೋಡೆ ರಿಪೇರಿ ಮಾಡುವಾಗ ಕಲ್ಲು, ಜಲ್ಲಿ ತಂದು ಅದರ ಮೇಲೇ ಹಾಕಿದರು. ಗಿಡ ಹೋಯಿತು. ಆಮೇಲೆ ಮನೆಯಲ್ಲಿ ಸಂತೆಯ ಹಸಿಮೆಣಸು ಹಾಕಿ ಅಪ್ಪೆಹುಳಿ ಮಾಡಿದರು. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಇದು ಅಪ್ಪೆಹುಳಿ ಅಲ್ಲ, ಹುಳಿನೀರು" ಅಂದಳು. ಅವತ್ತಿನಿಂದ ಅಪ್ಪೆಹುಳಿ ಮಾಡಿದ ದಿನ ಅವಳು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು.

ನಾನು "ಬೇರೆ ಗಿಡ ನೆಟ್ಟು ಕೊಡ್ತೆ ಅಜ್ಜಿ" ಅಂದೆ. ಅದಕ್ಕೆ ಅವಳು, "ಅದು ನೆಟ್ಟರೆ ಬರೂದಿಲ್ಲ ತಮಾ, ಹಕ್ಕಿ ಹಾಕಿದ್ರೇ ಬರೂದು" ಅಂದಳು.

ನಾನು ನಂಬಲಿಲ್ಲ. ಬೀಜ ಅಂದ ಮೇಲೆ ಬೀಜ. ಆಚೆಮನೆಯ ದೊಡ್ಡಮ್ಮನ ಹತ್ತಿರ ಒಂದು ಮುಷ್ಟಿ ಜೀರಿಗೆ ಮೆಣಸು ಬೇಡಿ ತಂದೆ. ಹಸಿರು ಕಾಯಿಯೇ ಇತ್ತು. ಅದನ್ನು ತಗಡಿನ ಮೇಲೆ ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಬೀಜ ತೆಗೆದು ಏಪ್ರಿಲ್‌ನಲ್ಲಿ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಜುಲೈಯಲ್ಲಿ ಮತ್ತೊಮ್ಮೆ ಬಿತ್ತಿದೆ, ಈ ಸಲ ಸೀದಾ ಹಿತ್ತಲಿನ ಮಣ್ಣಿಗೆ. ಎಂಟು ದಿನ ಬಿಡದೆ ಮಳೆ ಹೊಯ್ಯಿತು. ಮೂರು ಸಸಿ ಎದ್ದಿತ್ತು, ಬುಡ ಕೊಳೆತು ಮೂರೂ ಮಲಗಿತು. ಅಜ್ಜಿ ಏನೂ ಹೇಳಲಿಲ್ಲ, ಆದರೆ ನಗುತ್ತಿದ್ದಳು.

ಆಗ ವಿಜ್ಞಾನದ ಅಕ್ಕೋರನ್ನು ಕೇಳಿದೆ. ಅವರು "ಅಜ್ಜಿ ಹೇಳಿದ್ದು ಅರ್ಧ ಸರಿ. ಹಕ್ಕಿ ಏನು ಮಾಡ್ತದೆ ಅಂತ ಮೊದಲು ನೋಡು, ಆಮೇಲೆ ನೀನೂ ಹಾಗೇ ಮಾಡು" ಅಂದರು. ಈ ಮಾತಿನಿಂದಲೇ ನನ್ನ ಕೆಲಸ ಆಯಿತು. ಆದ್ದರಿಂದ ಮೊದಲು ಹಕ್ಕಿಯ ವಿಚಾರ ಬರೆಯುತ್ತೇನೆ.

ಖಾರ ಯಾಕೆ ಇದೆ?

ಷಡ್ರಸಗಳಲ್ಲಿ ಖಾರವೂ ಒಂದು ಅಂತ ನಾವು ಓದಿದ್ದೇವೆ. ಆದರೆ ವಿಜ್ಞಾನದ ಪ್ರಕಾರ ಖಾರ ನಾಲಿಗೆಯ ರುಚಿ ಅಲ್ಲ, ಅದೊಂದು ಉರಿ. ಮೆಣಸಿನಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ಇದೆ. ನಮ್ಮ ಬಾಯಿ, ಮೂಗು, ಕಣ್ಣು, ಚರ್ಮದಲ್ಲಿ ಬಿಸಿಯನ್ನು ಗುರುತಿಸುವ ನರಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದಾಗ ಆ ನರಗಳ ತುದಿಯಲ್ಲಿರುವ ಒಂದು ಬಾಗಿಲು ತೆರೆದುಕೊಂಡು "ಸುಟ್ಟಿತು" ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಕ್ಯಾಪ್ಸೈಸಿನ್ ಬಂದು ಅದೇ ಬಾಗಿಲನ್ನು ತೆರೆಯುತ್ತದೆ. ಬಾಯಿ ನಿಜವಾಗಿ ಸುಟ್ಟಿರುವುದಿಲ್ಲ, ಆದರೆ ಮಿದುಳಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಮೆಣಸು ತಿಂದರೆ ಬೆವರುವುದು. ಮೈಗೆ ಸೆಕೆ ಆಯಿತು ಅಂತ ತಿಳಿದು ದೇಹ ತಣ್ಣಗೆ ಮಾಡಲು ಹೊರಡುತ್ತದೆ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ಮೆಣಸನ್ನು ಹಿಡಿದು ಹೊರಟವರಿಗೆ ನೊಬೆಲ್!

ಈ ಬಾಗಿಲು ಹಕ್ಕಿಗಳಲ್ಲೂ ಇದೆ. ಆದರೆ ಅದರ ರಚನೆ ಸ್ವಲ್ಪ ಬೇರೆ, ಕ್ಯಾಪ್ಸೈಸಿನ್‌ಗೆ ಅದು ತೆರೆಯುವುದಿಲ್ಲ. ಆದ್ದರಿಂದ ಗಿಳಿಗೆ, ಪಿಕಳಾರಕ್ಕೆ ಮೆಣಸು ಖಾರವೇ ಅಲ್ಲ. ನಾವು ಗೇರುಹಣ್ಣು ತಿಂದ ಹಾಗೆ ಅವು ಮೆಣಸಿನ ಹಣ್ಣು ತಿನ್ನುತ್ತವೆ. ಇಲಿ, ಅಳಿಲು, ದನ, ಮನುಷ್ಯರು ಮಾತ್ರ ಬಾಯಿ ಸುಟ್ಟುಕೊಳ್ಳುವವರು. ನಮ್ಮ ತೋಟಕ್ಕೆ ಬರುವ ಮಂಗಗಳು ಬಾಳೆ, ಏಲಕ್ಕಿ, ಪಪ್ಪಾಯಿ ಏನೂ ಬಿಡುವುದಿಲ್ಲ. ಆದರೆ ಜೀರಿಗೆ ಮೆಣಸಿನ ಗಿಡಕ್ಕೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ.

ಗಿಡಕ್ಕೆ ಇದರಿಂದ ಏನು ಲಾಭ? ಅಮೆರಿಕದ ಅರಿಜೋನಾದಲ್ಲಿ ಬಟಾಣಿ ಕಾಳಿನಷ್ಟೇ ಇರುವ ಒಂದು ಕಾಡುಮೆಣಸು ಬೆಳೆಯುತ್ತದೆ. ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಎಂಬ ವಿಜ್ಞಾನಿಗಳು ಅದನ್ನು ಯಾರು ತಿನ್ನುತ್ತಾರೆ ಅಂತ ಕಾದು ನೋಡಿ 2001ರಲ್ಲಿ ಬರೆದರು. ಇಲಿಗಳು ಮುಟ್ಟಲಿಲ್ಲ, ಹಕ್ಕಿಗಳು ತಿಂದವು. ಆಮೇಲೆ ಅವರು ಖಾರ ಇಲ್ಲದ ಒಂದು ಬಗೆಯ ಮೆಣಸನ್ನು ಇಲಿಗಳಿಗೂ ಹಕ್ಕಿಗಳಿಗೂ ತಿನ್ನಿಸಿ, ಹಿಕ್ಕೆಯಲ್ಲಿ ಬಂದ ಬೀಜ ಬಿತ್ತಿದರು. ಇಲಿ ತಿಂದ ಬೀಜ ಒಂದೂ ಹುಟ್ಟಲಿಲ್ಲ, ಯಾಕೆಂದರೆ ಇಲಿ ಬೀಜವನ್ನೂ ಅಗಿಯುತ್ತದೆ. ಹಕ್ಕಿಗೆ ಹಲ್ಲಿಲ್ಲ, ಬೀಜ ಹಾಗೇ ಹೊರಗೆ ಬಂದು ಹುಟ್ಟಿತು. ಅಂದರೆ ಖಾರ ಎಂಬುದು ಗಿಡ ಹಾಕಿದ ಬೋರ್ಡು ಇದ್ದ ಹಾಗೆ: ಹಲ್ಲಿದ್ದವರಿಗೆ ಪ್ರವೇಶವಿಲ್ಲ.

ಇನ್ನೂ ಒಂದು ಕಾರಣ ಇದೆ, ಅದು ನಮ್ಮ ಮಳೆಯ ಊರಿಗೆ ಚೆನ್ನಾಗಿ ಹೊಂದುತ್ತದೆ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಡಿನಲ್ಲಿ ಒಂದೇ ಜಾತಿಯ ಮೆಣಸಿನಲ್ಲಿ ಖಾರದ ಗಿಡ, ಸಪ್ಪೆ ಗಿಡ ಎರಡೂ ಅಕ್ಕಪಕ್ಕ ಇರುತ್ತವೆ. ಅದೇ ಟ್ಯೂಕ್ಸ್‌ಬರಿ ಮತ್ತು ಸಂಗಡಿಗರು 2008ರಲ್ಲಿ ತಿಳಿಸಿದ್ದು ಏನೆಂದರೆ, ಅಲ್ಲಿ ಕೀಟಗಳು ಕಾಯಿಗೆ ಸೂಜಿಯಂಥ ಬಾಯಿ ಚುಚ್ಚುತ್ತವೆ, ಆ ತೂತಿನಿಂದ ಬೂಷ್ಟು ಒಳಗೆ ಹೋಗಿ ಬೀಜ ಕೊಳೆಯುತ್ತದೆ. ಖಾರ ಇದ್ದ ಕಾಯಿಯಲ್ಲಿ ಬೂಷ್ಟು ಅಷ್ಟು ಬೆಳೆಯುವುದಿಲ್ಲ. ಹೆಚ್ಚು ತೇವ ಇರುವ ಜಾಗದಲ್ಲಿ ಖಾರದ ಗಿಡವೇ ಹೆಚ್ಚು. ಒಣ ಜಾಗದಲ್ಲಿ ಸಪ್ಪೆಯದೂ ಬದುಕುತ್ತದೆ, ಯಾಕೆಂದರೆ ನೀರು ಕಡಿಮೆ ಆದಾಗ ಖಾರದ ಗಿಡ ಸಪ್ಪೆ ಗಿಡಕ್ಕಿಂತ ಕಡಿಮೆ ಬೀಜ ಕೊಡುತ್ತದೆ. ಖಾರ ಪುಕ್ಕಟೆ ಬರುವುದಿಲ್ಲ, ಗಿಡ ಅದಕ್ಕೆ ಬೆಲೆ ಕೊಡುತ್ತದೆ.

ಬೊಲಿವಿಯಾ, ಅರಿಜೋನಾ ಅಂತ ಬರೆದದ್ದು ನೋಡಿ "ನಮ್ಮ ಮೆಣಸಿನ ಬಗ್ಗೆ ಬರಿ ಮಾರಾಯ" ಅಂತ ನನ್ನ ಪಕ್ಕ ಕೂರುವವನು ಹೇಳಿದ. ಆದರೆ ಮೆಣಸಿನಕಾಯಿಯ ತವರೇ ಅಮೆರಿಕ ಖಂಡ. ನಮ್ಮ ಜಿಲ್ಲೆಯ ಮೂಲ ಮೆಣಸು ಕಾಳುಮೆಣಸು. ಗೇರುಸೊಪ್ಪೆಯಲ್ಲಿ 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಈ ಕಾಳುಮೆಣಸಿನಿಂದ. ಪೋರ್ಚುಗೀಸರು 1498ರಲ್ಲಿ ಹಡಗಿನಲ್ಲಿ ಬಂದದ್ದೂ ಇಂಥ ಸಾಂಬಾರ ಪದಾರ್ಥಕ್ಕೇ. ಕಾಳುಮೆಣಸು ತೆಗೆದುಕೊಂಡು ಹೋದರು, ಬರುವಾಗ ಮೆಣಸಿನಕಾಯಿ ತಂದರು. ನಮ್ಮ ಹಿರಿಯರು ಹೊಸದಕ್ಕೆ ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೇ ಖಾರ, ಆದರೆ ಕಾಯಿ, ಆದ್ದರಿಂದ ಮೆಣಸಿನಕಾಯಿ ಅಂದರು. ಹಾಗಾಗಿ ಅಜ್ಜಿಯ ಅಪ್ಪೆಹುಳಿಯಲ್ಲಿ ಅಪ್ಪೆ ನಮ್ಮ ಹೊಳೆ ದಂಡೆಯದು, ಖಾರ ಸಮುದ್ರದ ಆಚೆಯದು. ಇದನ್ನು ಅಜ್ಜಿಗೆ ಹೇಳಿದೆ. "ಸುಳ್ಳು" ಅಂದಳು.

ಎಲ್ಲಿ ಹುಡುಕಬೇಕು?

ಈಗ ಹಕ್ಕಿಯನ್ನು ನೆನಪಿಟ್ಟುಕೊಂಡು ಹುಡುಕಿ. ಪಿಕಳಾರ ಹಣ್ಣು ನುಂಗಿ ಹಾರಿ ಹೋಗಿ ಎಲ್ಲಿ ಕೂರುತ್ತದೆ? ಬೇಲಿಯ ಗೂಟದ ಮೇಲೆ, ಹಲಸಿನ ಮರದ ಕೆಳಗೊಂಬೆಯಲ್ಲಿ, ಕರೆಂಟಿನ ತಂತಿಯ ಮೇಲೆ, ಕೊಟ್ಟಿಗೆಯ ಮಾಡಿನ ಅಂಚಿನಲ್ಲಿ. ಅದರ ನೇರ ಕೆಳಗೆ ನೋಡಬೇಕು. ಬಯಲಿನ ನಡುವೆ ಹುಡುಕಿದರೆ ಸಿಗುವುದಿಲ್ಲ. ನಾನು ಸೆಪ್ಟೆಂಬರ್‌ನಲ್ಲಿ ಎರಡು ಭಾನುವಾರ ನಮ್ಮ ಕೇರಿಯ 11 ಮನೆಯ ಹಿತ್ತಲು ಸುತ್ತಿದೆ. ನಾಲ್ಕು ಮನೆಯಲ್ಲಿ ಮಾತ್ರ ಗಿಡ ಇತ್ತು. ಒಂದು ದಾಸವಾಳದ ಬೇಲಿಯೊಳಗೆ, ಒಂದು ಗೊಬ್ಬರಗುಂಡಿಯ ದಂಡೆಯಲ್ಲಿ, ಒಂದು ಹಳೆ ಪಾಗಾರದ ಬಿರುಕಿನಲ್ಲಿ, ಇನ್ನೊಂದು ಹಲಸಿನ ಬುಡದಲ್ಲಿ. ನಾಲ್ಕರಲ್ಲಿ ಒಂದನ್ನೂ ಮನೆಯವರು ನೆಟ್ಟಿದ್ದಲ್ಲ! ಉಳಿದ ಏಳು ಮನೆಯವರೂ "ಮೊದಲು ಇತ್ತು" ಅಂತಲೇ ಹೇಳಿದರು. ಅಂಗಳಕ್ಕೆ ಸಿಮೆಂಟು ಹಾಕುವಾಗ ಒಂದು ಹೋಯಿತು, ಬೇಲಿ ತೆಗೆದು ಕಾಂಪೌಂಡ್ ಕಟ್ಟುವಾಗ ಎರಡು, ಕಳೆ ಅಂತ ಕಿತ್ತದ್ದು ಒಂದು. ಉಳಿದ ಮೂರು ಹೇಗೆ ಹೋಯಿತೋ ಅವರಿಗೇ ನೆನಪಿಲ್ಲ. ಯಾರೂ ನೆಡದ ಗಿಡ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪೆಹುಳಿ ಮಾಡುವಾಗಲೇ ಗೊತ್ತಾಗುವುದು.

ಗುರುತು ಹಿಡಿಯುವುದು ಸುಲಭ. ಸಂತೆಯ ಹಸಿಮೆಣಸಿನ ಗಿಡ ಸಾಮಾನ್ಯವಾಗಿ ಮೊಣಕಾಲೆತ್ತರ ಇರುತ್ತದೆ, ಒಂದು ಬೆಳೆ ಕೊಟ್ಟ ಮೇಲೆ ರೈತರು ಕೀಳುತ್ತಾರೆ. ಜೀರಿಗೆ ಮೆಣಸು ಪೊದೆಯಂತೆ ಎದೆಯೆತ್ತರಕ್ಕೂ ಬರುತ್ತದೆ, ಬುಡ ಕಟ್ಟಿಗೆಯಾಗುತ್ತದೆ, ಮೂರು ನಾಲ್ಕು ವರ್ಷ ಬದುಕುತ್ತದೆ. ಹೂವು ಹಸಿರು ಮಿಶ್ರಿತ ಬಿಳಿ. ಹಣ್ಣು ಬೆರಳಿನಿಂದ ಮುಟ್ಟಿದರೆ ಸಾಕು, ತೊಟ್ಟಿನಿಂದ ಕಳಚಿ ಕೈಗೆ ಬರುತ್ತದೆ. ಹಕ್ಕಿಗೆ ಅನುಕೂಲವಾಗಲಿ ಅಂತಲೇ ಹಾಗೆ. ಸಂತೆಯ ಮೆಣಸನ್ನು ಎಳೆದು ಕೀಳಬೇಕು. ಸಸ್ಯಶಾಸ್ತ್ರದವರು ಈ ಕಾಂತಾರಿ ಬಗೆಯ ಮೆಣಸನ್ನು ಕ್ಯಾಪ್ಸಿಕಮ್ ಫ್ರುಟೆಸೆನ್ಸ್ ಅಂತಲೂ, ಬ್ಯಾಡಗಿ ಮೆಣಸು, ಸಂತೆಯ ಹಸಿಮೆಣಸು, ದೊಣ್ಣೆ ಮೆಣಸು ಇವನ್ನೆಲ್ಲ ಕ್ಯಾಪ್ಸಿಕಮ್ ಆನ್ಯುಅಮ್ ಅಂತಲೂ ಕರೆಯುತ್ತಾರೆ. ಇವು ದಾಯಾದಿಗಳು, ಒಂದೇ ಮನೆಯವರಲ್ಲ.

ಹೇಗೆ ಬೆಳೆಸಬೇಕು?

ಅಕ್ಕೋರು ಹೇಳಿದಂತೆ ಹಕ್ಕಿ ಮಾಡುವುದನ್ನು ಯೋಚಿಸಿದೆ. ಹಕ್ಕಿ ಹಸಿರು ಕಾಯಿ ತಿನ್ನುವುದಿಲ್ಲ, ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸುತ್ತದೆ. ನನ್ನ ಮೊದಲ ತಪ್ಪು ಅಲ್ಲಿ. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ. ಎರಡನೆಯದು, ಹಕ್ಕಿ ಬೀಜವನ್ನು ತಗಡಿನ ಮೇಲೆ ಹುರಿಯುವುದಿಲ್ಲ. ಹಣ್ಣಿನ ತಿರುಳನ್ನು ಹೊಟ್ಟೆಯಲ್ಲಿ ಬಿಡಿಸಿ ಹಸಿ ಬೀಜವನ್ನೇ ಹಾಕುತ್ತದೆ, ಜೊತೆಗೆ ಒಂದು ಚಿಟಿಕೆ ಗೊಬ್ಬರವನ್ನೂ. ಮೂರನೆಯದು, ಅದು ಆಳಕ್ಕೆ ಹೂಳುವುದಿಲ್ಲ, ತರಗೆಲೆಯ ಮೇಲೆ ಬೀಳಿಸುತ್ತದೆ. ಬೀಳಿಸುವುದೂ ಮರದ ನೆರಳಿನಲ್ಲಿ. ಅಲ್ಲಿ ಮಳೆ ನೇರ ಹೊಡೆಯುವುದಿಲ್ಲ, ಬಿಸಿಲೂ ಸುಡುವುದಿಲ್ಲ. ಇಷ್ಟಾದರೂ ಹಕ್ಕಿ ಹಾಕಿದ ನೂರಾರು ಬೀಜದಲ್ಲಿ ಎಲ್ಲೋ ಒಂದು ಗಿಡವಾಗುತ್ತದೆ. ನಮಗೆ ಕಾಣುವುದು ಆ ಒಂದೇ. ಅದಕ್ಕೇ ಅಜ್ಜಿಗೆ "ಹಕ್ಕಿ ಹಾಕಿದ್ರೇ ಬರೂದು" ಅಂತ ಅನ್ನಿಸಿದ್ದು.

ಅಕ್ಟೋಬರ್‌ನಲ್ಲಿ ಮಳೆ ಹಿಂದಾದ ಮೇಲೆ ಮೂರನೇ ಸಲ ಶುರು ಮಾಡಿದೆ. ಹಲಸಿನ ಬುಡದ ಗಿಡದಿಂದ ಕೆಂಪು ಹಣ್ಣು ತಂದು, ಗೋರಿಕೆಗೆ ಸಿಗುವಷ್ಟು ನೀರಿನಲ್ಲಿ ಹಿಸುಕಿ ತಿರುಳು ಬೇರೆ ಮಾಡಿದೆ. ತೇಲಿದ ಬೀಜ ಚೆಲ್ಲಿ, ಮುಳುಗಿದ ಬೀಜ ಇಟ್ಟುಕೊಂಡೆ. ಅದನ್ನು ನೆರಳಿನಲ್ಲಿ ಕಾಗದದ ಮೇಲೆ ಎರಡು ದಿನ ಇಟ್ಟು, ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆ ಹಾಕಿದೆ. 12 ತೆಂಗಿನ ಗರಟೆ ತೆಗೆದುಕೊಂಡು ಅಡಿಗೆ ತೂತು ಮಾಡಿ, ಮಣ್ಣು, ಹೊಳೆಯ ಮರಳು, ಹಳೆ ಸಗಣಿಗೊಬ್ಬರ ಮೂರನ್ನೂ ಸಮ ಬೆರೆಸಿ ತುಂಬಿದೆ. ಗರಟೆಗೆ ಎರಡರಂತೆ 24 ಬೀಜ. ಬೀಜದ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಮಣ್ಣು ಉದುರಿಸಿದರೆ ಸಾಕು. ಮೇಲೆ ಸ್ವಲ್ಪ ಹುಲ್ಲು. ಸುತ್ತ ಒಲೆಯ ಬೂದಿ, ಇಲ್ಲದಿದ್ದರೆ ಇರುವೆ ಬೀಜ ಹೊತ್ತುಕೊಂಡು ಹೋಗುತ್ತದೆ.

ಮುಖ್ಯವಾದದ್ದು ಬಿಸಿ. ಮೆಣಸಿನ ಬೀಜ ಮೊಳೆಯಲು ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. ನಮ್ಮಲ್ಲಿ ಆಗ ಬೆಳಿಗ್ಗೆ ಚಳಿ ಶುರುವಾಗಿತ್ತು. ಆದ್ದರಿಂದ ಗರಟೆಗಳನ್ನು ಬಚ್ಚಲಿನ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. ಮಣ್ಣು ಒಣಗದಂತೆ ದಿನಕ್ಕೊಮ್ಮೆ ಕೈಯಿಂದ ನೀರು ಚಿಮುಕಿಸುವುದು, ಹೊಯ್ಯುವುದಲ್ಲ. ಸಂತೆಯ ಮೆಣಸಿನ ಬೀಜ ಎಂಟು ಹತ್ತು ದಿನಕ್ಕೆ ಹುಟ್ಟುತ್ತದೆ. ಇದಕ್ಕೆ ಎರಡು ವಾರದಿಂದ ಒಂದು ತಿಂಗಳು ಬೇಕು. ಹತ್ತನೇ ದಿನ ನೋಡಿ "ಬರಲಿಲ್ಲ" ಅಂತ ಮಣ್ಣು ಚೆಲ್ಲುವವರೇ ಹೆಚ್ಚು. ನಾನೂ ಏಪ್ರಿಲ್‌ನಲ್ಲಿ ಹನ್ನೆರಡನೇ ದಿನ ಚೆಲ್ಲಿದ್ದೆ. ಈ ಸಲ 17ನೇ ದಿನ ಮೊದಲ ಮೊಳಕೆ ಬಂತು. ಕೊಕ್ಕೆಯಂತೆ ಬಗ್ಗಿಕೊಂಡು ಎದ್ದಿತ್ತು. 29ನೇ ದಿನದವರೆಗೆ ಒಂದೊಂದೇ ಬಂದು ಒಟ್ಟು 15 ಆಯಿತು. ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದು ಮೆಣಸೇ ಹೌದಾ, ಬದನೆಯಾ?" ಅಂದಳು.

ಮೊಳಕೆ ಬಂದ ಕೂಡಲೇ ಬೆಳಕಿಗೆ ತರಬೇಕು, ಇಲ್ಲದಿದ್ದರೆ ಸಸಿ ತೆಳ್ಳಗೆ ಉದ್ದ ಬೆಳೆದು ಬೀಳುತ್ತದೆ. ಆರು ಎಲೆ ಆದ ಮೇಲೆ ನೆಲಕ್ಕೆ ನೆಡಬಹುದು. ನೆಲಕ್ಕಿಂತ ಒಂದು ಗೇಣು ಎತ್ತರದ ದಿಬ್ಬ ಮಾಡಿಯೇ ನೆಡಿ. ಈ ಗಿಡಕ್ಕೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಮೆಣಸಿನ ಗಿಡ ಸಾಯುವುದು ರೋಗಕ್ಕಿಂತ ಹೆಚ್ಚು ನೀರು ನಿಂತೇ. ಅರ್ಧ ದಿನ ಬಿಸಿಲು ಬೀಳುವ ಜಾಗ ಸಾಕು. ಯೂರಿಯಾ ಹೆಚ್ಚು ಹಾಕಿದರೆ ಬರೀ ಎಲೆ ಬರುತ್ತದೆ. ಎಲೆ ಮೇಲಕ್ಕೋ ಕೆಳಕ್ಕೋ ಮುದುಡಿಕೊಂಡರೆ ಅದು ಮುರುಟು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು, ಬಿಳಿ ನೊಣಗಳು ಅದಕ್ಕೆ ಕಾರಣ. ಶುರುವಿನಲ್ಲೇ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಎಲೆಯ ಅಡಿಗೆ ಹೊಡೆಯಬೇಕು. ಗಿಡ ಪೂರ್ತಿ ಮುರುಟಿದರೆ ಕಿತ್ತು ಸುಡುವುದೇ ಲೇಸು, ಪಕ್ಕದ್ದಾದರೂ ಉಳಿಯುತ್ತದೆ. ನನ್ನ 15ರಲ್ಲಿ ಎರಡನ್ನು ಹೀಗೆ ಕಿತ್ತೆ. ಎರಡನ್ನು ಕೋಳಿ ತಿಂದಿತು. ಕೋಳಿಯೂ ಹಕ್ಕಿಯೇ ಎಂಬುದನ್ನು ನಾನು ಮರೆತಿದ್ದೆ. ಉಳಿದ 11ರಲ್ಲಿ ನಾಲ್ಕನ್ನು ಹಿತ್ತಲಿನಲ್ಲಿ ನೆಟ್ಟೆ, ಏಳು ಗರಟೆಯಲ್ಲೇ ಉಳಿದು ಆಮೇಲೆ ಹಾಲಿನ ಡಬ್ಬಕ್ಕೆ ಹೋದವು.

ಖಾರ ಎಲ್ಲಿರುತ್ತದೆ, ಎಷ್ಟಿರುತ್ತದೆ?

ಬೀಜದಲ್ಲಿ ಖಾರ ಅಂತ ಎಲ್ಲರೂ ಹೇಳುತ್ತಾರೆ. ಅದು ತಪ್ಪು. ಕಾಯಿಯನ್ನು ಉದ್ದಕ್ಕೆ ಸೀಳಿದರೆ ಬೀಜ ಅಂಟಿಕೊಂಡಿರುವ ಬಿಳಿ ದಿಂಡು ಕಾಣುತ್ತದೆ. ಕ್ಯಾಪ್ಸೈಸಿನ್ ತಯಾರಾಗುವುದು ಅಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ, ಅಷ್ಟೇ. ಜೀರಿಗೆ ಮೆಣಸು ಸಣ್ಣದಾದ್ದರಿಂದ ಸಿಪ್ಪೆ ಕಡಿಮೆ, ದಿಂಡಿನ ಪಾಲು ಹೆಚ್ಚು. ಹೂವು ಕಾಯಿಯಾಗಿ ಸುಮಾರು 40ರಿಂದ 50 ದಿನದ ಹೊತ್ತಿಗೆ ಖಾರ ತುಂಬಿಕೊಳ್ಳುತ್ತದೆ. ಎಳೆ ಕಾಯಿ ಕೊಯ್ದರೆ ಖಾರವೂ ಎಳೆಯದೇ.

ದೊಣ್ಣೆ ಮೆಣಸಿನ ಪಕ್ಕ ನೆಟ್ಟರೆ ಖಾರ ಹೋಗುತ್ತದೆ ಎಂಬ ಮಾತಿದೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಯಾಕೆಂದರೆ ದಿಂಡು, ಸಿಪ್ಪೆ ಎಲ್ಲ ತಾಯಿಗಿಡದ್ದೇ. ಜೇನುಹುಳ ಬೇರೆ ಮೆಣಸಿನ ಪರಾಗ ತಂದಿದ್ದರೆ ಅದರ ಗುಣ ಇರುವುದು ಬೀಜದೊಳಗೆ. ಆ ಬೀಜ ಬಿತ್ತಿ ಬಂದ ಮುಂದಿನ ಗಿಡದಲ್ಲಿ ವ್ಯತ್ಯಾಸ ಕಾಣಬಹುದು. ಆದ್ದರಿಂದ ಬೀಜಕ್ಕೆ ಬಿಡುವ ಕೊಂಬೆಗೆ ಹೂವು ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿದರೆ ಒಳ್ಳೆಯದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು.

ಖಾರವನ್ನು ಅಳೆಯುವ ಮಾಪನವೂ ಇದೆ. 1912ರಲ್ಲಿ ವಿಲ್ಬರ್ ಸ್ಕೊವಿಲ್ ಎಂಬ ಅಮೆರಿಕದ ಔಷಧ ತಜ್ಞರು ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ ಜನರಿಗೆ ಕುಡಿಸಿ ನೋಡಿದರು. ಎಷ್ಟು ಪಟ್ಟು ತೆಳು ಮಾಡಿದಾಗ ಖಾರ ಗೊತ್ತಾಗುವುದು ನಿಲ್ಲುತ್ತದೋ ಅದು ಆ ಮೆಣಸಿನ ಅಂಕ. ಈಗ ನಾಲಿಗೆ ಬೇಡ, ಯಂತ್ರವೇ ಕ್ಯಾಪ್ಸೈಸಿನ್ ಅಳೆಯುತ್ತದೆ. ದೊಣ್ಣೆ ಮೆಣಸಿಗೆ ಸೊನ್ನೆ. ಕಾಂತಾರಿ ಬಗೆಯ ಮೆಣಸಿಗೆ ಸಾಮಾನ್ಯವಾಗಿ 50,000ದಿಂದ 1,00,000 ಅಂತ ಲೆಕ್ಕ ಹೇಳುತ್ತಾರೆ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿಗೆ ಇದಕ್ಕಿಂತ ಬಹಳ ಕಡಿಮೆ. ಅದರ ಹೆಸರು ಇರುವುದು ಖಾರಕ್ಕಲ್ಲ, ಬಣ್ಣಕ್ಕೆ.

ಜೀರಿಗೆ ಮೆಣಸೇ ಪ್ರಪಂಚದಲ್ಲಿ ಖಾರ ಅಂತ ನಾನು ತಿಳಿದಿದ್ದೆ. ಅಲ್ಲ. ಅಸ್ಸಾಂ, ನಾಗಾಲ್ಯಾಂಡ್ ಕಡೆಯ ಭೂತ್ ಜೊಲೋಕಿಯಾ ಮೆಣಸಿಗೆ 10,01,304 ಬಂದು 2007ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಆ ಕಡೆ ಆನೆ ಹೊಲಕ್ಕೆ ಬಾರದಂತೆ ಹಗ್ಗಕ್ಕೆ ಈ ಮೆಣಸು ಮತ್ತು ಗ್ರೀಸ್ ಬಳಿದು ಕಟ್ಟಿ ಪ್ರಯೋಗ ಮಾಡಿದ್ದಾರೆ. ಆಮೇಲೆ ಅಮೆರಿಕದ ಎಡ್ ಕರಿ ಎಂಬುವರು ತಳಿ ಬೆರೆಸಿ ಬೆಳೆಸಿದ ಕೆರೊಲಿನಾ ರೀಪರ್ 2013ರಲ್ಲಿ 15 ಲಕ್ಷ ದಾಟಿತು. ಅವರದೇ ಪೆಪ್ಪರ್ ಎಕ್ಸ್ 2023ರಲ್ಲಿ 26,93,000 ಮುಟ್ಟಿತು. ಅದನ್ನು ತಿಂದ ಅವರೇ ಗಂಟೆಗಟ್ಟಲೆ ಒದ್ದಾಡಿದರಂತೆ. ನನ್ನ ಅಭಿಪ್ರಾಯ ಕೇಳಿದರೆ, ತಿನ್ನಲಾಗದ ಮೆಣಸನ್ನು ಬೆಳೆದು ಏನು ಪ್ರಯೋಜನ? ಅಪ್ಪೆಹುಳಿಗೆ ಅದರ ಒಂದು ಚೂರು ಬಿದ್ದರೂ ಮನೆಮಂದಿಯೆಲ್ಲ ಅಂಗಳಕ್ಕೆ ಓಡಬೇಕು.

ಉರಿ ಆದರೆ ಏನು ಮಾಡಬೇಕು?

ಬೀಜ ಬಿಡಿಸಿದ ದಿನ ನಾನು ಕೈ ತೊಳೆದೆ ಅಂದುಕೊಂಡು ಕಣ್ಣು ಉಜ್ಜಿದೆ. ಅರ್ಧ ಗಂಟೆ ಕಣ್ಣು ಬಿಡಲು ಆಗಲಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೈಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಬೇಕು, ಎರಡು ಸಲ. ಬಾಯಿ ಉರಿದರೆ ನೀರು ಕುಡಿದು ಉಪಯೋಗವಿಲ್ಲ, ಖಾರ ಬಾಯಿಯಲ್ಲಿ ಹರಡುತ್ತದೆ ಅಷ್ಟೇ. ಹಾಲು, ಮೊಸರು ಕುಡಿಯಿರಿ. ಹಾಲಿನ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಂಡು ಹೋಗುತ್ತದೆ. ಕಣ್ಣಿಗೆ ಮಾತ್ರ ಎಣ್ಣೆ ಗಿಣ್ಣೆ ಏನೂ ಹಾಕಬಾರದು. ಉಜ್ಜದೆ, ತಣ್ಣೀರಿನಲ್ಲಿ ಕಣ್ಣು ಬಿಟ್ಟು ಬಿಟ್ಟು ಬಹಳ ಹೊತ್ತು ತೊಳೆಯಬೇಕು. ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಸಣ್ಣ ತರಗತಿಯ ಮಕ್ಕಳ ಕೈಗೆ ಈ ಹಣ್ಣು ಸಿಗದಂತೆ ನೋಡಿಕೊಳ್ಳಿ. ಕೆಂಪಗೆ ಮುದ್ದಾಗಿರುತ್ತದೆ, ತಿನ್ನೋಣ ಅನ್ನಿಸುತ್ತದೆ.

ಹಿತ್ತಲಿನ ನಾಲ್ಕು ಗಿಡ ಈ ವರ್ಷ ಏಪ್ರಿಲ್ ಕೊನೆಗೆ ಹೂವು ಬಿಟ್ಟವು. ಜೂನ್ ಎರಡನೇ ವಾರ ಒಂಬತ್ತು ಕಾಯಿ ಕೊಯ್ದು ಅಮ್ಮನಿಗೆ ಕೊಟ್ಟೆ. ಅವತ್ತು ಅಪ್ಪೆಹುಳಿ ಆಯಿತು. ಅಜ್ಜಿ ಎರಡು ಲೋಟ ಕುಡಿದಳು. "ನೆಟ್ಟರೂ ಬಂತಲ್ಲ ಅಜ್ಜಿ" ಅಂದೆ. "ಹಲಸಿನ ಬುಡದ್ದು ಹಕ್ಕಿ ಹಾಕಿದ್ದೇ ಅಲ್ದಾ, ಅದರ ಬೀಜ ಅಲ್ದಾ" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಡಬ್ಬದಲ್ಲಿದ್ದ ಏಳು ಗಿಡಗಳಲ್ಲಿ ಎರಡನ್ನು ಶಾಲೆಯ ಬಿಸಿಯೂಟದ ಅಡಿಗೆಮನೆ ಹಿಂದೆ, ಎತ್ತರದ ಜಾಗದಲ್ಲಿ ನೆಟ್ಟಿದ್ದೇವೆ. ಉಳಿದ ಐದು ನೀರಿನ ಟ್ಯಾಂಕಿನ ಪಕ್ಕ ಇವೆ. ಮೊದಲು ಗಿಡ ಇದ್ದು ಈಗ ಇಲ್ಲದ ಮನೆಯವರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಒಯ್ಯಬಹುದು. ಡಬ್ಬ ವಾಪಸು ತರಬೇಕು. ಬಿಳಿ ಬಣ್ಣದ ಕಾಯಿ ಬಿಡುವ ಜೀರಿಗೆ ಮೆಣಸು ಯಾರ ಹಿತ್ತಲಿನಲ್ಲಾದರೂ ಇದ್ದರೆ ನನಗೆ ಹೇಳಿ, ಒಂದೇ ಒಂದು ಹಣ್ಣು ಸಾಕು.